ಎಡಕ್ಕೆ ತಿರುಗದ ವಿಮಾನ, ಒಂದು ಹಳದಿ ಕ್ಲಿಪ್ಪು

ಇಂಗ್ಲೆಂಡಿಗೆ ಹೋಗಿ ಬಂದ ತುಮಕೂರಿನವರು ಲಂಡನ್ನಿನ ದೊಡ್ಡ ಗಡಿಯಾರದ ಮುಂದೆ ಕೈಕಟ್ಟಿ ನಿಂತ ಫೋಟೊ ತೋರಿಸುತ್ತಾರೆ. ನಾನು ಬಟ್ಟೆ ಒಣಹಾಕುವ ಹಳದಿ ಕ್ಲಿಪ್ಪೊಂದನ್ನು ತೋರಿಸುತ್ತೇನೆ. “ಇದ್ನ ತರೋಕೆ ಅಲ್ಲೀಗಂಟ ಹೋಗಿದ್ರಾ? ಮಂಡಿಪೇಟೇಲಿ ಡಜನ್ ಲೆಕ್ಕದಲ್ಲಿ ಸಿಗ್ತಾವಲ್ಲ ಸಾರ್” ಎಂದು ಪಕ್ಕದ ಮನೆಯವರು ಮರುಕಪಟ್ಟರು. ಗಡಿಯಾರವನ್ನು ನಾನು ನೋಡಲಿಲ್ಲ. ಅರಮನೆಯನ್ನೂ ನೋಡಲಿಲ್ಲ. ನೋಡಿದ್ದು ಒಂದು ಶೆಡ್ಡು, ಒಂದು ಹುಲ್ಲಿನ ಮೈದಾನ, ಮತ್ತು ಒಬ್ಬ ಸಭ್ಯ ಮನುಷ್ಯನ ವಿಮಾನ ನನ್ನಿಂದಾಗಿ ಬಾರ್ಲಿ ಹೊಲದಲ್ಲಿ ಮೂಗು ಹೂತುಕೊಂಡದ್ದು.

ನಾನು ತುಮಕೂರಿನ ಉಪ್ಪಾರಹಳ್ಳಿಯವನು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ನಿಮ್ಮ ಫೋನು ಯಾಕೆ ಸತ್ತಿದೆ ಎಂದು ಜನರಿಗೆ ವಿವರಿಸುತ್ತಲೇ ನಿವೃತ್ತನಾದೆ. ನೆಲದ ಮೇಲೆ ನಿಂತು ಆಟದ ವಿಮಾನ ಹಾರಿಸುವ ಹಳೆಯ ಕಾಲದ ರೇಡಿಯೊ ಪೆಟ್ಟಿಗೆಗಳನ್ನು ಕೂಡಿಹಾಕಿ ರಿಪೇರಿ ಮಾಡುವುದು ನನ್ನ ಹವ್ಯಾಸ. ಈಗಿನ ಪ್ಲಾಸ್ಟಿಕ್ ರಿಮೋಟುಗಳನ್ನು ಮುಟ್ಟುವುದಿಲ್ಲ. ತಗಡಿನ ಪೆಟ್ಟಿಗೆ, ಮಾರುದ್ದದ ಆಂಟೆನಾ, ಎರಡು ಕೈಯಲ್ಲಿ ಎತ್ತಬೇಕಾದ ತೂಕ ಇದ್ದರೆ ಮಾತ್ರ ನನಗೆ ಮನಸ್ಸು ಬರುತ್ತದೆ. ನನ್ನ ಹೆಂಡತಿ ಸರ್ವಮಂಗಳೆ ಇದನ್ನೆಲ್ಲ ಗುಜರಿ ಎನ್ನುತ್ತಾಳೆ. ಗುಜರಿಯವನು ಒಮ್ಮೆ ಬಂದು ನೋಡಿ, ಇದು ಗುಜರಿಗೂ ಆಗುವುದಿಲ್ಲ ಎಂದು ಹೇಳಿ ಹೋಗಿದ್ದಾನೆ.

ಈ ಹುಚ್ಚು ಹತ್ತಿಸಿದವರು ಕುಣಿಗಲ್ಲಿನ ನನ್ನ ಸೋದರಮಾವ ಸಿದ್ದಲಿಂಗಪ್ಪ. ಪ್ರಾಯದಲ್ಲಿ ಅವರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ಊರಿಗೆ ಮರಳುವಾಗ ತನ್ನ ರೇಡಿಯೊ ಸೆಟ್ಟನ್ನು ಮಾವನ ಕೈಗಿಟ್ಟು ಹೋದ. ಮಾವ ಅದಕ್ಕೊಂದು ವಿಮಾನ ಕಟ್ಟಿ, ಬೇಸಗೆಯಲ್ಲಿ ಕುಣಿಗಲ್ ಕೆರೆಯ ಒಣಗಿದ ಅಂಗಳದಲ್ಲಿ ಹಾರಿಸುತ್ತಿದ್ದರು. ದನ ಕಾಯುವವರು ದನ ಮರೆತು ನೋಡುತ್ತಿದ್ದರು. ನಾನು ಶಾಲೆ ಮರೆತು ನೋಡುತ್ತಿದ್ದೆ.

ಅದು ರೀಡ್ ಸೆಟ್ಟು. ಕೈಯಲ್ಲಿ ಹಿಡಿಯುವ ಪೆಟ್ಟಿಗೆಯ ಮೇಲೆ ಐದು ಚಿಕ್ಕ ಲಿವರುಗಳಿವೆ. ಯಾವ ಕಡೆ ಒತ್ತಿದರೆ ಆ ಕಡೆಯ ಒಂದು ಸ್ವರ ಗಾಳಿಯಲ್ಲಿ ಹೊರಡುತ್ತದೆ. ವಿಮಾನದೊಳಗೆ ಉಕ್ಕಿನ ಹತ್ತು ಹಲ್ಲುಗಳ ಪುಟ್ಟ ಬಾಚಣಿಗೆಯಿದೆ, ಆ ಹಲ್ಲುಗಳೇ ರೀಡುಗಳು. ತನ್ನ ಸ್ವರ ಕೇಳಿಸಿಕೊಂಡ ಹಲ್ಲು ಮಾತ್ರ ನಡುಗಿ ತನ್ನ ಮೋಟಾರನ್ನು ತಿರುಗಿಸುತ್ತದೆ. ಮಾವನ ಬಾಚಣಿಗೆಯ ಕೊನೆಯ ಹಲ್ಲು, ವಿಮಾನವನ್ನು ಎಡಕ್ಕೆ ತಿರುಗಿಸುವ ಹಲ್ಲು, ಎಷ್ಟೋ ವರ್ಷಗಳ ಹಿಂದೆಯೇ ಮುರಿದಿತ್ತು. ಉಳಿದದ್ದನ್ನೆಲ್ಲ ನಾನು ಸರಿಮಾಡಿದೆ. ವಿಮಾನ ಬಲಕ್ಕೆ ಮಾತ್ರ ತಿರುಗುವ ಸ್ಥಿತಿಗೆ ಬಂತು.

“ಇದು ವಿಮಾನ ಅಲ್ಲ ಕಣ್ಲಾ ಶಿವಾ, ಗಾಣದ ಎತ್ತು. ಎಡಕ್ಕೂ ತಿರುಗಂಗ್ ಮಾಡು, ಹಾರಿಸ್ತೀನಿ” ಎಂದರು ಮಾವ. ಆಮೇಲೆ, ಹವಾಮಾನದ ವಿಷಯ ಹೇಳುವವರಂತೆ, “ಬೇಗ್ ಮಾಡು. ಒಂದು ಕಣ್ಣು ಹೋಗೈತೆ. ಇನ್ನೊಂದೂ ಮಂಜಾಯ್ತಾ ಐತೆ. ಕಾಣೋವಾಗ್ಲೇ ಒಂದ್ಸಲ ನೋಡ್ಬುಡ್ಬೇಕು” ಎಂದರು. ಅವರು ಇದನ್ನು ಹೇಳಿದ್ದು ನಾನು ಇಂಗ್ಲೆಂಡಿಗೆ ಹೊರಡುವುದಕ್ಕೆ ಎರಡು ವರ್ಷ ಮುಂಚೆ.

ಗುಬ್ಬಿ, ಹೊರಡುವುದಕ್ಕೆ ಬಹಳ ಮುಂಚೆ

ವಿದೇಶ ಪ್ರವಾಸದ ಕಥೆಯಲ್ಲಿ ಮೊದಲ ನಿಲ್ದಾಣ ಗುಬ್ಬಿ ಎಂದರೆ ಓದುಗರು ಪುಸ್ತಕ ಮುಚ್ಚಬಾರದು. ಗುಬ್ಬಿಯಲ್ಲಿ ನಂಜುಂಡಪ್ಪ ಎಂಬ ಹಾರ್ಮೋನಿಯಂ ರಿಪೇರಿಯವರಿದ್ದಾರೆ. ಅವರಪ್ಪನ ಕಾಲದಿಂದ ನಾಟಕದ ಕಂಪನಿಗಳ ಪೆಟ್ಟಿಗೆಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ರೀಡು ಎಂದರೆ ರೀಡೇ ತಾನೆ ಎಂದುಕೊಂಡು ಬಾಚಣಿಗೆಯನ್ನು ಅವರ ಮುಂದಿಟ್ಟೆ.

ಅವರು ಅದನ್ನು ತಿರುಗಿಸಿ ನೋಡಿದರು. “ಇಂಥದ್ದು ಎಲ್ಲೋ ನೋಡ್ದಂಗೈತೆ ಸಾರ್. ನಮ್ಮಪ್ಪ ಒಂದ್ಸಲ ಹಿಂಗೇ ಒಂದು ಬಾಚಣಿಗೆ ಹಿಡ್ಕೊಂಡು ಕೂತಿದ್ರು.”

ಗುಬ್ಬಿಯಲ್ಲಿ ಯಾರನ್ನು ಏನು ಕೇಳಿದರೂ ಅದನ್ನು ಅವರಪ್ಪ ಮೊದಲೇ ಮಾಡಿರುತ್ತಾರೆ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಂಜುಂಡಪ್ಪ ಮೊದಲು ಹಿತ್ತಾಳೆಯ ರೀಡು ಕತ್ತರಿಸಿ ಕೂರಿಸಿದರು. ಅದು ಅಲ್ಲಾಡಲೇ ಇಲ್ಲ. ಹಲ್ಲನ್ನು ನಡುಗಿಸುವುದು ಆಯಸ್ಕಾಂತ, ಅದು ಹಿತ್ತಾಳೆಯನ್ನು ಎಳೆಯುವುದಿಲ್ಲ ಎಂದು ನಾನು ಉಪನ್ಯಾಸ ಮಾಡಿದೆ. ಅವರು ಅರ್ಧಕ್ಕೇ ಎದ್ದು ಒಳಗೆ ಹೋಗಿ, ಕೆಟ್ಟ ಗೋಡೆ ಗಡಿಯಾರದ ಸ್ಪ್ರಿಂಗ್ ತಂದರು. ನೀಲಿ ಹೊಳಪಿನ ಉಕ್ಕು. ಅದರಿಂದ ಒಂದು ಹಲ್ಲು ಕತ್ತರಿಸಿ, ತುದಿಯಲ್ಲೊಂದಿಷ್ಟು ಬುಡದಲ್ಲೊಂದಿಷ್ಟು ಅರ ಹಾಕಿ, ಕಿವಿ ಹಚ್ಚಿ ಕೇಳಿ, ಮತ್ತೆ ಅರ ಹಾಕಿದರು. “ಹಾರ್ಮೋನಿಯಂ ಕರಿ ಎರಡ್ನೇ ಮನೆ ಸ್ವರಕ್ಕಿಂತ ಒಂಚೂರು ಮೇಲೈತೆ ನಿಮ್ ಎಡಗಡೆ” ಎಂದರು. ನಾನು ಲಿವರ್ ಒತ್ತಿದೆ. ಹಲ್ಲು ಝುಂಯ್ ಎಂದು ನಡುಗಿತು. ಬೆಳಗಿನಲ್ಲಿ ಹೋದವನಿಗೆ ಮಧ್ಯಾಹ್ನದ ಊಟದೊಳಗೆ ಎಡಗಡೆ ಸಿಕ್ಕಿತ್ತು.

ಆ ಹೊತ್ತಿಗೆ ನನಗೆ ಜಗತ್ತಿನ ಹಳೇ ರೇಡಿಯೊ ಹುಚ್ಚರ ಪರಿಚಯವಾಗಿತ್ತು. ಇಂಟರ್ನೆಟ್ಟಿನಲ್ಲಿ ಅವರದೊಂದು ಗುಂಪಿದೆ. ಅಲ್ಲಿ ಒರಿಜಿನಲ್ ಎಂಬ ಮಾತನ್ನು ನಮ್ಮಲ್ಲಿ ಮಡಿ ಎಂಬ ಮಾತನ್ನು ಬಳಸುವ ಧಾಟಿಯಲ್ಲೇ ಬಳಸುತ್ತಾರೆ. ಮಾವನ ಸೆಟ್ಟಿಗೆ ಗಡಿಯಾರದ ಸ್ಪ್ರಿಂಗ್ ಹಾಕಿದೆ ಎಂದು ಅಲ್ಲಿ ಬರೆದರೆ ನನ್ನನ್ನು ಪಂಕ್ತಿಯಿಂದ ಎಬ್ಬಿಸುತ್ತಿದ್ದರು. ನಾನು ನಂಜುಂಡಪ್ಪನ ಹಲ್ಲನ್ನು ಬಿಚ್ಚಿ ಬೆಂಕಿಪೊಟ್ಟಣದಲ್ಲಿಟ್ಟು, ಮೇಲೆ ‘ಡೂಪ್ಲಿಕೇಟ್’ ಎಂದು ಬರೆದೆ. ಒರಿಜಿನಲ್ ಹಲ್ಲಿಗಾಗಿ ಎರಡು ವರ್ಷ ಪತ್ರ ಬರೆದೆ.

ಕೊನೆಗೆ ನಾರ್ಮನ್ ಎಂಬ ಇಂಗ್ಲಿಷ್ ಮುದುಕರ ಬಳಿ ಅದೇ ಕಂಪನಿಯ ಬಾಚಣಿಗೆ, ಪೊಟ್ಟಣವನ್ನೂ ಒಡೆಯದೆ, ಇದೆ ಎಂದು ಗೊತ್ತಾಯಿತು. ಆ ಕಂಪನಿ ಯಾವತ್ತೋ ಮುಚ್ಚಿಹೋಗಿದೆ. ಕೊಡುವಿರಾ ಎಂದು ಕೇಳಿದರೆ ‘ಯೋಚಿಸುತ್ತೇನೆ’ ಎಂದು ಬರೆದರು. ಆರು ಪತ್ರಕ್ಕೂ ಅದೇ ಉತ್ತರ. ಏಳನೆಯದರಲ್ಲಿ ‘ಮೇ ತಿಂಗಳಲ್ಲಿ ನಮ್ಮ ಹಳೇ ಸೆಟ್ಟುಗಳ ಮೇಳವಿದೆ, ಸೆಟ್ಟಿನೊಂದಿಗೆ ಬನ್ನಿ, ನೋಡೋಣ’ ಎಂದಿತ್ತು. ಹೊರಟೆ. ಮಾವನಿಗೆ ಫೋನಿನಲ್ಲೇ ಹೇಳಿದೆ. ಇಂಗ್ಲೆಂಡಿಗೆ ಹೋಗಲು ಪುರುಸೊತ್ತಿದ್ದವನಿಗೆ ಕುಣಿಗಲ್ಲಿಗೆ ಹೋಗಿಬರಲು ಇರಲಿಲ್ಲ.

ಬೆಂಗಳೂರು, ಚೆಕ್ಕಿಂಗ್ ಸಾಲು

ವಿಮಾನ ನಿಲ್ದಾಣದ ಭದ್ರತಾ ಜವಾನ ನನ್ನ ಚೀಲದಿಂದ ತಗಡಿನ ಪೆಟ್ಟಿಗೆ ತೆಗೆದು, ಆಂಟೆನಾ ಎಳೆದ. ಅದು ಹೊರಬಂತು. ಇನ್ನೂ ಬಂತು. ಮತ್ತೂ ಬಂದು ಪಕ್ಕದ ಸಾಲಿನ ಹೆಂಗಸಿನ ಕೂದಲಿಗೆ ತಗುಲಿತು. ಇದೇನು ಎಂದು ಹಿಂದಿಯಲ್ಲಿ ಕೇಳಿದ. “ರಿಮೋಟ್” ಎಂದೆ. ತಂತಿಗಳು ತುಂಬಿದ ತಗಡಿನ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಆ ಜಾಗದಲ್ಲಿ ಆಡಬಾರದ ಮಾತು ಅದು. ಒಬ್ಬ ಜವಾನ ಐದು ಜನರಾದ.

ಅಲ್ಲಿದ್ದ ವಿಮಾನ ಕಂಪನಿಯ ಹುಡುಗಿ ನನ್ನ ಕಿವಿಯ ಹತ್ತಿರ ಬಂದು, “ಅಂಕಲ್, ರಿಮೋಟ್ ಅನ್ಬೇಡಿ ದಯವಿಟ್ಟು. ಬೇರೆ ಏನಾದ್ರೂ ಅನ್ನಿ” ಎಂದಳು.

“ಹಾರ್ಮೋನಿಯಂ” ಎಂದೆ.

ಬಾರಿಸಿ ತೋರಿಸು ಎಂದರು. ಬ್ಯಾಟರಿ ಇಲ್ಲದ ಪೆಟ್ಟಿಗೆಯ ಲಿವರುಗಳನ್ನು ಟಕ್ ಟಕ್ ಎಂದು ಒತ್ತಿದೆ. ಸ್ವರ ಬರುತ್ತಿಲ್ಲವಲ್ಲ ಎಂದರು. ರೀಡು ಹೋಗಿದೆ, ರಿಪೇರಿಗೇ ಒಯ್ಯುತ್ತಿದ್ದೇನೆ ಎಂದೆ. ಅದು ಅಪ್ಪಟ ನಿಜ. ಹಿರಿಯ ಅಧಿಕಾರಿ ತಗಡನ್ನು ನಾಲ್ಕು ಸಲ ಯಂತ್ರದೊಳಗೆ ಕಳಿಸಿ, ಒಂದು ಭಜನೆಯ ಮೊದಲ ಸಾಲು ಗುನುಗುತ್ತ ನನ್ನನ್ನು ಬಿಟ್ಟ. ದೇಶದಲ್ಲಿ ಸಂಗೀತಕ್ಕೆ ಇನ್ನೂ ಮರ್ಯಾದೆ ಇದೆ.

ನಾರ್ಮನ್ನರ ಮನೆ, ಮೊದಲ ದಿನ

ನಾರ್ಮನ್ ಇರುವುದು ಲಿಂಕನ್‌ಶೈರ್ ಎಂಬ ಚಪ್ಪಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಎಪ್ಪತ್ತೊಂಬತ್ತು ವರ್ಷ, ನೀಳ ಮೈ, ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಹೆಂಡತಿ ಜೋನ್ ದುಂಡಗಿನ ನಗುಮುಖದವರು. ಅವರಿಬ್ಬರ ಇಂಗ್ಲಿಷು ನನಗೆ ಅರ್ಥವಾದಷ್ಟನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಅರ್ಥವಾಗದ್ದು ಹವಾಮಾನದ ಬಗ್ಗೆ ಇತ್ತೆಂದು ನನ್ನ ಊಹೆ.

ಆ ಜನ ಎಲ್ಲದಕ್ಕೂ ಸಾರಿ ಹೇಳುತ್ತಾರೆ. ಸ್ಟೇಷನ್ನಿನಲ್ಲಿ ನಾನು ಒಬ್ಬನ ಕಾಲು ತುಳಿದೆ, ಅವನು ಸಾರಿ ಎಂದ. ನಮ್ಮ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ತುಳಿಸಿಕೊಂಡವನು “ಕಣ್ ಕಾಣಲ್ವೇನ್ರೀ” ಎನ್ನುತ್ತಾನೆ, ತುಳಿದವನು “ಜಾಗ ಬುಟ್ಟು ನಿಲ್ರೀ” ಎನ್ನುತ್ತಾನೆ, ಅಲ್ಲಿಗೆ ಬಾಕಿ ಚುಕ್ತಾ. ಇಂಗ್ಲೆಂಡಿನಲ್ಲಿ ತಪ್ಪು ಯಾರದೆಂದು ಕೊನೆಯವರೆಗೂ ತೀರ್ಮಾನವಾಗುವುದಿಲ್ಲ. ಈ ಪದ್ಧತಿ ಮುಂದೆ ನನಗೆ ಬಹಳ ಅನುಕೂಲವಾಯಿತು.

ಸ್ನಾನದ ಮನೆಗೆ ಮೆತ್ತನೆಯ ಕಾರ್ಪೆಟ್ ಹಾಸಿದ್ದರು. ಅದರ ಮೇಲೆ ಒಂದು ಹನಿ ನೀರೂ ಬೀಳದಂತೆ ಸ್ನಾನ ಮಾಡುವುದನ್ನು ಅವರು ಬಾಲ್ಯದಿಂದ ಅಭ್ಯಾಸ ಮಾಡಿರುತ್ತಾರೆ. ನನಗೆ ಆ ಶಿಕ್ಷಣವಿರಲಿಲ್ಲ. ಒಂದು ಗಂಟೆ ಟವೆಲಿನಿಂದ ಕಾರ್ಪೆಟ್ ಹಿಂಡಿದೆ. ಹೊರಗೆ ಬಂದಾಗ ಜೋನ್ ಸಾರಿ ಎಂದರು.

ಸರ್ವಮಂಗಳೆ ಕಟ್ಟಿಕೊಟ್ಟಿದ್ದ ಹುರುಳಿ ಚಟ್ನಿಪುಡಿಯನ್ನು ನಾರ್ಮನ್ ಔಷಧಿಯಂತೆ ಅರ್ಧ ಚಮಚ ಬಾಯಿಗೆ ಹಾಕಿಕೊಂಡರು. ಮುಖ ಕೆಂಪಾಯಿತು. “ಕುತೂಹಲಕರವಾಗಿದೆ” ಎಂದರು. ಅವರ ಭಾಷೆಯಲ್ಲಿ ಕುತೂಹಲಕರ ಎಂದರೆ ಇನ್ನೆಂದೂ ಬೇಡ ಎಂದರ್ಥ. ಎರಡು ವರ್ಷ ಅವರು ಬರೆದಿದ್ದ ‘ಯೋಚಿಸುತ್ತೇನೆ’ ಎಂಬ ಮಾತಿನ ಅರ್ಥವೂ ಆಗ ಥಟ್ಟನೆ ಹೊಳೆಯಿತು.

ಶೆಡ್ಡು

ಊಟವಾದ ಮೇಲೆ ನಾರ್ಮನ್ ಹಿತ್ತಲಿನ ಶೆಡ್ಡಿನ ಬೀಗ ತೆಗೆದರು. ಗೋಡೆಯುದ್ದಕ್ಕೂ ನಲವತ್ತು ರೇಡಿಯೊ ಸೆಟ್ಟುಗಳು. ಪ್ರತಿಯೊಂದರ ಸ್ಕ್ರೂ ತಲೆಯ ಗೀರೂ ಒಂದೇ ದಿಕ್ಕಿಗೆ ಮುಖ ಮಾಡಿತ್ತು. ಮುಟ್ಟಲು ಬಿಳಿ ಕೈಗವಸು ಕೊಟ್ಟರು. ಒಂದು ಪೆಟ್ಟಿಗೆಯ ಮೇಲೆ ಬೆಕ್ಕಿನ ಉಗುರಿನ ಗೀರುಗಳಿದ್ದವು. ಒರೆಸಿ ಬಣ್ಣ ಬಳಿಯಬಹುದಲ್ಲ ಎಂದೆ. ಅವರು ದಿಗಿಲಿನಿಂದ, “ಅದು ಮೊದಲ ಮಾಲೀಕನ ಬೆಕ್ಕು” ಎಂದರು. ನನಗೆ ನಗು ಬರಬೇಕಿತ್ತು. ಬದಲಿಗೆ ಭಕ್ತಿ ಬಂತು. ಹುಚ್ಚು ಹಿಡಿದವನಿಗೆ ತನಗಿಂತ ದೊಡ್ಡ ಹುಚ್ಚನನ್ನು ಕಂಡರೆ ಆಗುವ ಸಮಾಧಾನ ಬೇರೆ.

ನನ್ನ ಮಾವನ ಬಾಚಣಿಗೆಯನ್ನು ಅವರು ಭೂತಗನ್ನಡಿಯಲ್ಲಿ ನೋಡಿದರು. “ಯಾವಾಗಲೂ ಎಡಗಡೆಯದೇ ಮುರಿಯುವುದು. ಕೊನೆಯ ಹಲ್ಲು, ಎಲ್ಲಕ್ಕಿಂತ ಉದ್ದ” ಎಂದರು. ಮತ್ತೆ ಬಗ್ಗಿ ನೋಡಿ, “ಈ ಮುರಿದ ಬುಡ ನೀಲಿಯಾಗಿದೆ. ಈ ಕಂಪನಿಯ ಹಲ್ಲುಗಳು ಬಿಳಿಯಾಗಿರುತ್ತವೆ. ಕುತೂಹಲಕರ” ಎಂದರು. ನಾನು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. ನನ್ನ ಕಣ್ಣು ಮೇಲಿನ ಕಪಾಟಿನಲ್ಲಿತ್ತು.

ಅಲ್ಲಿತ್ತು ಆ ಪೊಟ್ಟಣ. ಕಂಪನಿಯ ಅಂಟು ಕಾಗದ ಇನ್ನೂ ಹಾಗೇ ಇತ್ತು. “ಐವತ್ತು ವರ್ಷದಿಂದ ಒಡೆದಿಲ್ಲ” ಎಂದರು ನಾರ್ಮನ್. ಒಡೆದರೆ ಅದು ಒಡೆದ ಪೊಟ್ಟಣವಾಗುತ್ತದೆ, ಒಡೆಯದಿದ್ದರೆ ಯಾರಿಗೂ ಉಪಯೋಗವಿಲ್ಲ. ಅವರ ಸಂಕಟ ನನಗೆ ಪೂರಾ ಅರ್ಥವಾಯಿತು. ನಾನು ಮಾವನ ಕಣ್ಣಿನ ವಿಷಯ ಹೇಳಿದೆ. ಅವರು ಪೊಟ್ಟಣವನ್ನು ಮತ್ತೊಮ್ಮೆ ನೋಡಿದರು.

“ನಾಳೆ ಮೇಳದಲ್ಲಿ ನನ್ನ ವಿಮಾನ ಹಾರಲಿ. ಸಂಜೆ ಬಂದು ಒಡೆಯುತ್ತೇನೆ. ಎಡಗಡೆಯ ಹಲ್ಲು ನಿನ್ನ ಮಾವನಿಗೆ” ಎಂದರು.

ಭಾನುವಾರ, ಹುಲ್ಲಿನ ಮೈದಾನ

ಮೈದಾನದ ಬಾಗಿಲಲ್ಲಿ ಒಂದು ಹಲಗೆ, ಅದಕ್ಕೆ ಆರು ಬಣ್ಣದ ಆರು ಬಟ್ಟೆ ಕ್ಲಿಪ್ಪುಗಳು. ಹಳೆಯ ಸೆಟ್ಟುಗಳಿಗೆ ಒಂದೊಂದು ಬಣ್ಣದ ಹೆಸರಿನ ಅಲೆಯಿರುತ್ತದೆ. ಒಂದೇ ಬಣ್ಣದ ಎರಡು ಪೆಟ್ಟಿಗೆ ಒಟ್ಟಿಗೆ ಚಾಲೂ ಆದರೆ ಆಕಾಶದಲ್ಲಿರುವ ವಿಮಾನ ಯಾರ ಮಾತು ಕೇಳಬೇಕೆಂದು ತಿಳಿಯದೆ ಬೀಳುತ್ತದೆ. ಹಾಗಾಗಿ ಹಳದಿ ಸೆಟ್ಟಿನವನು ಹಳದಿ ಕ್ಲಿಪ್ಪನ್ನು ತೆಗೆದು ತನ್ನ ಆಂಟೆನಾಕ್ಕೆ ಕಚ್ಚಿಸಿಕೊಂಡ ಮೇಲೆಯೇ ಸ್ವಿಚ್ ಒತ್ತಬೇಕು. ಕ್ಲಿಪ್ಪು ಹಲಗೆಯಲ್ಲಿಲ್ಲದಿದ್ದರೆ ಕಾಯಬೇಕು. ನಾರ್ಮನ್ ಇದನ್ನು ನನಗೆ ಎರಡು ಸಲ ಹೇಳಿದರು. ಅವರ ಸೆಟ್ಟೂ ಹಳದಿ, ನನ್ನದೂ ಹಳದಿ.

ನಾನು ಮನಸ್ಸಿನಲ್ಲೇ ನಕ್ಕೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದರೆ, ಕರ್ಚೀಫಿನ ಮೇಲೇ ಕೂತು ಶಿವಗಂಗೆಯವರೆಗೆ ಬರುವವರಿದ್ದಾರೆ. ಇವರು ಬಟ್ಟೆ ಕ್ಲಿಪ್ಪಿಗೆ ತಲೆಬಾಗಿ ಸಾಲಿನಲ್ಲಿ ನಿಂತಿದ್ದಾರೆ. ಒಬ್ಬ ಮುದುಕ ಹಸಿರು ಕ್ಲಿಪ್ಪಿಗಾಗಿ ಬೆಳಗಿನಿಂದ ಕಾಯುತ್ತ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಪಾಪ ಎನಿಸಿತು.

ನಾರ್ಮನ್ ಹಳದಿ ಕ್ಲಿಪ್ಪು ಕಚ್ಚಿಸಿಕೊಂಡು ತಮ್ಮ ಕೆಂಪು ರೆಕ್ಕೆಯ ವಿಮಾನದೊಂದಿಗೆ ಮೈದಾನಕ್ಕಿಳಿದರು. ಎರಡು ಸ್ವೆಟರಿನೊಳಗೂ ನಡುಗುತ್ತಿದ್ದ ನಾನು ಗುಡಾರ ಸೇರಿದೆ. ಆ ಚಳಿಯನ್ನು ಅವರು ಬೇಸಗೆ ಎನ್ನುತ್ತಾರೆ. ಗುಡಾರದಲ್ಲಿ ಟೀ ಕುಡಿಯುತ್ತಿದ್ದ ಇಬ್ಬರು ಮುದುಕರು ನನ್ನ ಸೆಟ್ಟನ್ನು ನೋಡಿ, ಇದಕ್ಕಿನ್ನೂ ಜೀವವಿದೆಯೇ ಎಂದು ಕೇಳಿದರು. ಇಡೀ ಪ್ರವಾಸದಲ್ಲಿ ನನ್ನನ್ನು ತಜ್ಞನೆಂದು ನೋಡಿದ ಮೊದಲ ಕಣ್ಣುಗಳು ಅವು. ಬ್ಯಾಟರಿ ಹಾಕಿದೆ. “ನೋಡಿ, ಹೇಗೆ ಕುಣಿಯುತ್ತವೆ” ಎಂದು ಸ್ವಿಚ್ ಒತ್ತಿ, ಒಂದಾದ ಮೇಲೊಂದು ಲಿವರ್ ಒತ್ತುತ್ತ ಹೋದೆ. ಒಂಬತ್ತು ಹಲ್ಲುಗಳೂ ಸೊಗಸಾಗಿ ನಡುಗಿದವು.

ತುಮಕೂರು ಜಿಲ್ಲೆಯಲ್ಲಿ ಆ ಹಳದಿಗೆ ನಾನೊಬ್ಬನೇ ವಾರಸುದಾರ. ಕೋರದಿಂದ ಕುಣಿಗಲ್ಲಿನವರೆಗೆ ಸ್ವಿಚ್ ಒತ್ತುವ ಮುಂಚೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂವತ್ತು ವರ್ಷ ಹಾಗೆ ಬದುಕಿದ ಬೆರಳಿಗೆ ಎರಡು ಸಲ ಕೇಳಿದ ಪಾಠ ಎಲ್ಲಿ ನೆನಪಿರುತ್ತದೆ.

ಹೊರಗೆ ಎಂಜಿನ್ನಿನ ಸದ್ದು ಒಮ್ಮೆ ಕಿರುಚಿ ನಿಂತುಹೋಯಿತು. ಗುಡಾರದ ಪರದೆಯ ಸಂದಿಯಲ್ಲಿ ಕೆಂಪು ರೆಕ್ಕೆ ಕಂಡಿತು, ಆಚೆಯ ಬಾರ್ಲಿ ಹೊಲದ ಮೇಲೆ, ನೆಟ್ಟಗೆ ಕೆಳಕ್ಕೆ.

ನಾನು ಸ್ವಿಚ್ ಆರಿಸಿದೆ. ಆ ಇಬ್ಬರು ಮುದುಕರು ನನ್ನ ಪೆಟ್ಟಿಗೆಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಬಿಸ್ಕತ್ತಿನ ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. “ಗಾಳಿ ಸ್ವಲ್ಪ ಎದ್ದಿದೆ” ಎಂದರು ಒಬ್ಬರು. “ಹೌದು, ಎದ್ದಿದೆ” ಎಂದರು ಇನ್ನೊಬ್ಬರು.

ಇದೇ ನಮ್ಮೂರಾಗಿದ್ದರೆ ನಲವತ್ತು ಜನ ಸೇರಿ ಹಿಡಿದು ಕೇಳುತ್ತಿದ್ದರು. ಅಲ್ಲಿ ಇಲ್ಲದವರೂ ಕಣ್ಣಾರೆ ಕಂಡೆವೆಂದು ಸಾಕ್ಷಿ ಹೇಳುತ್ತಿದ್ದರು. ಹೊತ್ತು ಮುಳುಗುವುದರೊಳಗೆ ತಪ್ಪು, ಬೈಗುಳ, ಕ್ಷಮೆ ಎಲ್ಲ ಮುಗಿದು ಕಾಫಿಯೂ ಆಗಿರುತ್ತಿತ್ತು. ಇಲ್ಲಿ ಎಲ್ಲರೂ ಹಲಗೆಯ ಹತ್ತಿರ ಹೋಗಿ ನೋಡಿದರು. ಹಳದಿ ಕ್ಲಿಪ್ಪು ನಾರ್ಮನ್ನರ ಆಂಟೆನಾದ ಮೇಲೇ ಇತ್ತು. ನಿಯಮದ ಪ್ರಕಾರ ಬೇರೆ ಯಾರೂ ಹಳದಿ ಚಾಲೂ ಮಾಡಿರಲು ಸಾಧ್ಯವೇ ಇಲ್ಲ. ಹಾಗಾದರೆ ತಪ್ಪು ನಾರ್ಮನ್ನರ ಸೆಟ್ಟಿನದೇ.

ಅವರು ಮುರಿದ ರೆಕ್ಕೆಯನ್ನು ಕಂಕುಳಲ್ಲಿಟ್ಟುಕೊಂಡು ಹೊಲದಿಂದ ಬಂದರು. ಹೇಳಬೇಕು ಎಂದು ಬಾಯಿ ತೆರೆದೆ. ಹೇಳಿದರೆ ಪೊಟ್ಟಣ ಒಡೆಯುವುದಿಲ್ಲ, ಮಾವನಿಗೆ ಎಡಗಡೆ ಇಲ್ಲ. “ಸಾರಿ” ಎಂದೆ. ಅಲ್ಲಿದ್ದ ಎಲ್ಲರೂ ಅದನ್ನೇ ಹೇಳುತ್ತಿದ್ದರು. ನನ್ನ ಸಾರಿ ಆ ಗುಂಪಿನಲ್ಲಿ ಕಾಣದೆ ಹೋಯಿತು. ಜೋನ್ ಕೊಟ್ಟ ಕೇಕನ್ನೂ ತಿಂದೆ. ನಾಚಿಕೆಯಾಗಿತ್ತು ನಿಜ, ಆದರೂ ತಿಂದೆ.

ಅದೇ ಸಂಜೆ, ಶೆಡ್ಡಿನಲ್ಲಿ

ನಾರ್ಮನ್ ಮಾತಿಗೆ ತಪ್ಪುವವರಲ್ಲ. ಸಂಜೆ ಶೆಡ್ಡಿಗೆ ಕರೆದು ಪೊಟ್ಟಣವನ್ನು ಕೆಳಗಿಳಿಸಿದರು. ಒಡೆಯುವ ಮುಂಚೆ ತಮ್ಮ ಎರಡು ಕೈಗಳನ್ನೂ ದೀಪಕ್ಕೆ ಹಿಡಿದು ನೋಡಿಕೊಂಡರು.

“ಆ ಬಿದ್ದ ಸೆಟ್ಟಿನ ಬೆಸುಗೆಯೆಲ್ಲ ನಾನೇ ಹಾಕಿದ್ದು. ಎಲ್ಲೋ ಬಿಟ್ಟಿರಬೇಕು. ಇನ್ನು ಈ ಕೈಗಳನ್ನು ನಂಬಿ ಜನರ ತಲೆಯ ಮೇಲೆ ಹಾರಿಸಬಾರದು. ಇದನ್ನು ನಿನಗೆ ಕೊಟ್ಟು ನಾನು ನಿಲ್ಲಿಸುತ್ತೇನೆ” ಎಂದರು.

ನನಗೆ ತಡೆಯಲಾಗಲಿಲ್ಲ. ಒಬ್ಬ ಮುದುಕರು ಕಣ್ಣು ಹೋಗುತ್ತಿದೆ ಎಂದು ಅಲ್ಲಿ ಕುಣಿಗಲ್ಲಿನಲ್ಲಿ ಕೂತಿದ್ದಾರೆ. ಇನ್ನೊಬ್ಬ ಮುದುಕರ ಕೈಗಳನ್ನು ನಾನು ಇಲ್ಲಿ ಸುಳ್ಳೇ ಕಿತ್ತುಕೊಳ್ಳುತ್ತಿದ್ದೇನೆ. “ನಿಮ್ಮ ಬೆಸುಗೆ ಸರಿಯಿದೆ. ಗುಡಾರದಲ್ಲಿ ಹಳದಿ ಚಾಲೂ ಮಾಡಿದ್ದು ನಾನು” ಎಂದೆ.

ನಾರ್ಮನ್ ನನ್ನನ್ನು ಗಣಿತದಲ್ಲಿ ಸೊನ್ನೆ ತಂದ ಹುಡುಗನನ್ನು ನೋಡುವಂತೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಜೋನ್ ಒಳಗೆ ಹೋಗಿ ಟೀ ತಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಟೀ ಮುಗಿದ ಮೇಲೆ ನಾರ್ಮನ್, “ವಿಮಾನ ಬಿದ್ದ ಹೊಡೆತಕ್ಕೆ ನನ್ನ ಎಡಗಡೆಯ ಹಲ್ಲೂ ಮುರಿದಿದೆ. ಈಗ ಒಂದು ಹಲ್ಲಿಗೆ ನಾವಿಬ್ಬರು ಗಿರಾಕಿಗಳು” ಎಂದು ಚಾಕು ತೆಗೆದುಕೊಂಡರು.

ಐವತ್ತು ವರ್ಷದ ಅಂಟು ಕಾಗದ ಚರ್ರೆಂದು ಬಿಚ್ಚಿತು. ಒಳಗಿನಿಂದ ಕೆಟ್ಟ ವಾಸನೆ ಬಂತು. ಹಲ್ಲುಗಳಿಗೆ ಪೆಟ್ಟಾಗದಿರಲೆಂದು ಕಂಪನಿಯವರು ಸುತ್ತ ಸ್ಪಂಜು ಇಟ್ಟಿದ್ದರು. ಆ ಸ್ಪಂಜು ಕೊಳೆತು ಕರಿ ಕೀಲೆಣ್ಣೆಯಂತಾಗಿ ಹತ್ತೂ ಹಲ್ಲುಗಳನ್ನು ತಿಂದುಹಾಕಿತ್ತು. ನಾರ್ಮನ್ ಚಿಮಟದಿಂದ ಎತ್ತಿದರು. ಬಾಚಣಿಗೆ ತುಕ್ಕಿನ ಪುಡಿಯಾಗಿ ಮೇಜಿನ ಮೇಲೆ ಉದುರಿತು. ಅರ್ಧ ಶತಮಾನ ಅವರು ಕಾಪಾಡಿದ್ದು ಕಾಗದವನ್ನು. ಅದಕ್ಕಾಗಿ ನಾನು ಎರಡು ವರ್ಷ ಪತ್ರ ಬರೆದಿದ್ದೆ.

ಮೊದಲು ನಕ್ಕವರು ಜೋನ್. ಆಮೇಲೆ ನಾರ್ಮನ್ನರೂ ನಕ್ಕರು. ನಾನು ನಗುತ್ತಲೇ ಚೀಲಕ್ಕೆ ಕೈಹಾಕಿ ಬೆಂಕಿಪೊಟ್ಟಣ ತೆಗೆದೆ. ಅಳತೆ ತೋರಿಸಲು ಇರಲಿ ಎಂದು ತಂದಿದ್ದ ನಂಜುಂಡಪ್ಪನ ಹಲ್ಲು ಅದರಲ್ಲಿತ್ತು. ಮೇಲೆ ಕನ್ನಡದಲ್ಲಿ ಏನು ಬರೆದಿದೆ ಎಂದು ನಾರ್ಮನ್ ಕೇಳಿದರು. ಅದು ಮಾಡಿದವರ ಹೆಸರು ಎಂದೆ.

“ಒರಿಜಿನಲ್ ಅಲ್ಲ” ಎಂದು ಅವರು ಅನುಮಾನಿಸಿದರು.

“ನಾರ್ಮನ್, ಅದು ನಡುಗುತ್ತದೋ ಇಲ್ಲವೋ ಅದನ್ನು ನೋಡಿ” ಎಂದರು ಜೋನ್.

ಅವರದೇ ಬಾಚಣಿಗೆಯಲ್ಲಿ ಕೂರಿಸಿದರು. ಸ್ವಿಚ್ ಒತ್ತುವ ಮುಂಚೆ ನಾರ್ಮನ್ ಎದ್ದು ಹಿತ್ತಲಿಗೆ ಹೋಗಿ, ಬಟ್ಟೆ ಹಗ್ಗದಿಂದ ಒಂದು ಹಳದಿ ಕ್ಲಿಪ್ಪು ಕಿತ್ತು ತಂದು ಆಂಟೆನಾಕ್ಕೆ ಕಚ್ಚಿಸಿದರು. ಸುತ್ತ ಹತ್ತು ಮೈಲಿಯಲ್ಲಿ ಹಳದಿಯವನು ನಾನೊಬ್ಬನೇ, ನಾನು ಅವರ ಎದುರಿಗೇ ಕೂತಿದ್ದೆ. ಅದಕ್ಕೇ ಇರಬೇಕು. ಲಿವರ್ ಎಡಕ್ಕೆ ಒತ್ತಿದರು. ಗುಬ್ಬಿಯ ಗಡಿಯಾರದ ಸ್ಪ್ರಿಂಗು ಝುಂಯ್ ಎಂದಿತು.

ಮಂಗಳವಾರ, ಮತ್ತೆ ಮೈದಾನ

ನಾರ್ಮನ್ ಇನ್ನೊಂದು ವಿಮಾನಕ್ಕೆ ಆ ಸೆಟ್ಟು ಕೂರಿಸಿದರು. ಮೈದಾನ ಖಾಲಿಯಿತ್ತು. ವಿಮಾನ ಏರಿತು, ಎಡಕ್ಕೆ ತಿರುಗಿತು, ಮತ್ತೆ ಎಡಕ್ಕೆ ತಿರುಗಿತು. ನಾರ್ಮನ್ ಬೇಕೆಂದೇ ಎಡಕ್ಕೇ ತಿರುಗಿಸುತ್ತಿದ್ದರು. ಹೊರಡುವಾಗ ಹಲ್ಲನ್ನು ಬಿಚ್ಚಿಕೊಡಲು ಬಂದರು. ನಾನು ಬೇಡವೆಂದೆ. ಅದನ್ನು ಮಾಡಿದವರ ಮನೆ ನನಗೆ ಗೊತ್ತಿದೆ. ಅವರು ಹಳದಿ ಕ್ಲಿಪ್ಪನ್ನು ನನ್ನ ಜೇಬಿಗೆ ಹಾಕಿ, “ಇದನ್ನು ಬಳಸು” ಎಂದರು. ನನ್ನ ತಪ್ಪಿನ ಬಗ್ಗೆ ಅವರು ಆಡಿದ ಒಂದೇ ಮಾತು ಅದು.

ಗುಬ್ಬಿಯ ಮೇಲೆ ಕುಣಿಗಲ್ಲಿಗೆ

“ಎಲ್ಲೋಯ್ತು ಸಾರ್ ನಾನ್ ಮಾಡ್ಕೊಟ್ಟಿದ್ದು?” ಎಂದರು ನಂಜುಂಡಪ್ಪ.

“ಇಂಗ್ಲೆಂಡಲ್ಲಿ ಹಾರ್ತಾ ಇದೆ.”

ಅವರು ನನ್ನನ್ನು ಒಂದು ಕ್ಷಣ ನೋಡಿ, ಅದೇ ಗಡಿಯಾರದ ಸ್ಪ್ರಿಂಗ್ ತಂದು ಇನ್ನೊಂದು ಹಲ್ಲು ಕತ್ತರಿಸಿದರು. ಮತ್ತೆ ಅರ್ಧ ದಿನದ ಕೆಲಸ. ಈ ಸಲ ನೋಡಿಯೇ ತೀರಬೇಕೆಂದು ಅಂಗಿ ಬದಲಿಸಿ ನನ್ನೊಂದಿಗೆ ಹೊರಟರು.

ಮಾವ ಜಗಲಿಯಲ್ಲಿ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತೆ. ಅವರು ನನ್ನ ಕಡೆಗೇ ಮುಖ ಮಾಡಿ, “ಯಾರು?” ಎಂದರು.

“ನಾನು ಮಾವ, ಶಿವ.”

“ಹೆಜ್ಜೆ ನಿಂದೇ ಅನ್ಕೊಂಡೆ. ಜೊತೇಲಿ ಇನ್ನೊಬ್ರು ಅವ್ರಲ್ಲ” ಎಂದರು. ಕಣ್ಣಿಗೆ ಮಂಜು ಪೂರ್ತಿ ಕವಿದಿತ್ತು. ಬೆಳಕು ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಬೆಂಕಿಪೊಟ್ಟಣದಲ್ಲಿ ಎಡಗಡೆಯನ್ನಿಟ್ಟುಕೊಂಡು ಒರಿಜಿನಲ್ ಬೇಕೆಂದು ನಾನು ಕೂತಿದ್ದ ಎರಡು ವರ್ಷದಲ್ಲಿ ಆದದ್ದು ಇದು. ನನ್ನ ಮೇಲೇ ನನಗೆ ಅಸಹ್ಯವಾಯಿತು. ಮಾವನಿಗೆ ಹಾಗೇನೂ ಆಗಿರಲಿಲ್ಲ. ಚಪ್ಪಲಿ ಹುಡುಕುತ್ತಿದ್ದರು.

ಕೆರೆಗೆ ಇನ್ನೂ ನೀರು ಬಂದಿರಲಿಲ್ಲ. ಬಾಚಣಿಗೆಯನ್ನು ಮಾವನ ಹಳೆಯ ವಿಮಾನದೊಳಗೆ ಕೂರಿಸಿ, ಪೆಟ್ಟಿಗೆಯನ್ನು ಅವರ ಕೈಗಿಟ್ಟು ಆಂಟೆನಾಕ್ಕೆ ಕ್ಲಿಪ್ಪು ಕಚ್ಚಿಸಿದೆ. ಅವರು ಬೆರಳಿನಿಂದ ತಡವಿ, “ಇದೇನ್ಲಾ, ಬಟ್ಟೆ ಕ್ಲಿಪ್ಪು” ಎಂದರು. “ಅಲ್ಲಿಂದ ತಂದಿದ್ದು ಇದೊಂದೇ ಮಾವ” ಎಂದೆ. ಹಲ್ಲು ಯಾರದೆಂದು ಕೇಳಿದರು. ಗುಬ್ಬಿ ನಂಜುಂಡಪ್ಪನವರದು, ಒರಿಜಿನಲ್ ಸಿಗಲಿಲ್ಲ ಎಂದೆ.

“ಗುಬ್ಬಿ ಹಾರ್ಮೋನಿಯಂನೋರ ಮಗನಾ? ಸರಿಹೋಯ್ತು ಬುಡು” ಎಂದು ಮಾವ ನಕ್ಕರು. “ಮೊದ್ಲಿಂದು ಆ ಇಂಗ್ಲಿಷಿನೋನ ಕಾಲದಲ್ಲೇ ಮುರಿದಿತ್ತು ಕಣ್ಲಾ. ನೀನು ನೋಡ್ತಿದ್ದಾಗೆಲ್ಲ ಹಾರಿದ್ದು ಇವರಪ್ಪ ಹಾಕ್ಕೊಟ್ಟ ಹಲ್ಲಲ್ಲೇ. ಗಡಿಯಾರದ ಸ್ಪ್ರಿಂಗು. ಮುರಿದದ್ದೂ ಅದೇಯ.”

“ನಮ್ಮಪ್ಪ ಅಂತ ನಾನ್ ಅವತ್ತೇ ಅಂದ್ನಲ್ಲ ಸಾರ್” ಎಂದರು ನಂಜುಂಡಪ್ಪ.

“ಎರಡು ವರ್ಷದಿಂದ ಒಂದು ಮಾತು ಹೇಳ್ಬಾರ್ದಿತ್ತಾ ಮಾವ?”

“ನೀನು ಕೇಳಿದ್ರೆ ತಾನೆ ಹೇಳೋದು. ಬುಡು, ಹಾರಿಸು.”

ನಂಜುಂಡಪ್ಪ ನಾಲ್ಕು ಹೆಜ್ಜೆ ಓಡಿ ವಿಮಾನವನ್ನು ಗಾಳಿಗೆ ಬಿಟ್ಟರು. ಅದು ಏರಿತು. ಮಾವನ ಹೆಬ್ಬೆರಳುಗಳು ಲಿವರುಗಳನ್ನು ಮರೆತಿರಲಿಲ್ಲ. ಅವರು ಮುಖವನ್ನು ಸದ್ದಿನ ಕಡೆ ಎತ್ತಿದ್ದರು. ಎಂಜಿನ್ನು ದೂರವಾಗುತ್ತಿದ್ದಂತೆ ಲಿವರನ್ನು ಎಡಕ್ಕೆ ಒತ್ತಿದರು.

“ತಿರುಗ್ತೇನ್ಲಾ?”

“ತಿರುಗ್ತು ಮಾವ. ಎಡಕ್ಕೇ ತಿರುಗ್ತು.”

“ಸುಮ್ನೆ ನಿಲ್ಬೇಡ. ಎಲ್ಲೈತೆ ಅಂತ ಹೇಳ್ತಾ ಇರು. ನಾನು ನೋಡ್ತೀನಿ.”

ಈಗ ಏರಿಯ ಮೇಲಿದೆ ಮಾವ ಎಂದೆ. ಈಗ ಜಾಲಿ ಗಿಡಗಳ ಕಡೆ ಹೋಗ್ತಿದೆ. ರೆಕ್ಕೆಗೆ ಬಿಸಿಲು ಬಿದ್ದಿದೆ. ಕೆಳಗೆ ಎಮ್ಮೆ ಕಾಯೋರು ತಲೆ ಎತ್ತಿ ನಿಂತವ್ರೆ. ಈಗ ನಮ್ಮ ಕಡೆ ಬರ್ತಿದೆ. ಎಡಕ್ಕೆ ಒತ್ತಿ ಮಾವ, ಇನ್ನೊಂಚೂರು.